ಪೆನ್ಸಿಲ್ ಮಾಮನ ಕೊನೆಯ ಪಟ್ಟಿ

ನೂರ ಹನ್ನೊಂದನೆಯ ಸಾಲಿನ ಮೇಲೆ ಬೆರಳಿಟ್ಟು ಮಗಳು ನಿಂತುಬಿಟ್ಟಳು. ಹೊರಗೆ ಹಾಲ್‌ನಲ್ಲಿ ಅಪ್ಪನನ್ನು ಮಲಗಿಸಿದ್ದರು, ಬಂದವರ ಚಪ್ಪಲಿಗಳು ಬೀದಿಯವರೆಗೂ ಹರಡಿದ್ದವು, ಮೂರು ಗಂಟೆಗೆ ಸ್ಮಶಾನಕ್ಕೊಯ್ಯುವ ವ್ಯಾನು ಬರುವುದಿತ್ತು. ಇವಳು ಮಾತ್ರ ಒಳಕೋಣೆಯಲ್ಲಿ ಯಾರದೋ ಪ್ರಬಂಧದ ಕೊನೆಯ ಪುಟಗಳನ್ನು ಹರವಿಕೊಂಡಿದ್ದಳು. ನೋಡಿದವರು ಏನೆಂದುಕೊಂಡಾರು ಎಂಬ ಚಿಂತೆ ಅವಳಿಗಿರಲಿಲ್ಲ. ಆ ಚಿಂತೆಯನ್ನೆಲ್ಲ ಚಿಕ್ಕಪ್ಪ ಒಬ್ಬರೇ ವಹಿಸಿಕೊಂಡಿದ್ದರು.

“ಇವತ್ತೊಂದಿನ ಆ ಕಾಗದ ಬಿಟ್ಟು ಹೊರಗೆ ಬಾರಮ್ಮ. ಜನ ಕೇಳ್ತಿದಾರೆ.”

“ಐದು ಗಂಟೆಗೆ ಈ ಹುಡುಗಿ ಪ್ರಬಂಧ ಒಪ್ಪಿಸ್ಬೇಕು ಚಿಕ್ಕಪ್ಪ. ತಪ್ಪಿದ್ರೆ ಐದು ವರ್ಷದ ದುಡಿಮೆ ಮಣ್ಣುಪಾಲು.”

ಹುಡುಗಿ ಗೋಡೆಗೊರಗಿ ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. ಅಳು ಪೆನ್ಸಿಲ್ ಮಾಮನಿಗೋ ಪ್ರಬಂಧಕ್ಕೋ ಎಂದು ಕೇಳಿದ್ದರೆ ಅವಳೂ ಹೇಳುವ ಸ್ಥಿತಿಯಲ್ಲಿರಲಿಲ್ಲ.

ವಿಶ್ವವಿದ್ಯಾಲಯದ ಗೇಟಿನೆದುರು ಮೂವತ್ತೈದು ವರ್ಷ ಅಪ್ಪನ ಟೈಪಿಂಗ್ ಅಂಗಡಿ ನಡೆದಿತ್ತು. ಯಾವ ಮಾತನ್ನು ಯಾರ ಪುಸ್ತಕದ ಯಾವ ಪುಟದಿಂದ ತೆಗೆದುಕೊಂಡೆವು ಎಂಬ ವಿವರವನ್ನು ಸಂಶೋಧಕರು ಚೀಟಿ, ಅಂಗೈ, ಬಸ್ ಟಿಕೆಟ್ಟು ಎನ್ನದೆ ಗೀಚಿಕೊಂಡು ತಂದು ಅವನ ಮುಂದೆ ಸುರಿಯುತ್ತಿದ್ದರು. ಅವನು ಅದನ್ನೆಲ್ಲ ಅಚ್ಚುಕಟ್ಟಾದ ಪಟ್ಟಿಯಾಗಿಸಿ, ಪ್ರತಿ ಪುಸ್ತಕವನ್ನೂ ಕಣ್ಣಾರೆ ಕಂಡಮೇಲೆ ಆ ಸಾಲಿನ ಪಕ್ಕ ಪೆನ್ಸಿಲ್ಲಿನಲ್ಲಿ ಒಂದು ಸರಿ ಗುರುತು ಹಾಕುತ್ತಿದ್ದ. ಹಾಗಾಗಿಯೇ ಎಲ್ಲರಿಗೂ ಅವನು ಪೆನ್ಸಿಲ್ ಮಾಮ. ಆ ಗುರುತಿದ್ದರೆ ಪ್ರೊಫೆಸರುಗಳು ಮರುಮಾತಾಡದೆ ಸಹಿ ಹಾಕುತ್ತಿದ್ದರು. ಈ ಪಟ್ಟಿಯ ಎಲ್ಲ ಸಾಲಿಗೂ ಗುರುತು ಬಿದ್ದಿತ್ತು.

ಹುಡುಗಿಯ ಪ್ರೊಫೆಸರು ಸಮಾಧಾನ ಹೇಳಲು ಒಳಗೆ ಬಂದಾಗ ಮಗಳು ಹಾಳೆ ತೋರಿಸಿದಳು. “ನೋಡಿ ಸರ್, ಈ ಪತ್ರಿಕೆಯ ಹದಿನಾಲ್ಕನೇ ಸಂಪುಟ ಎಂಬತ್ತೊಂದನೇ ಇಸವಿದು. ಹನ್ನೆರಡನೇದು ಮಾತ್ರ ಎಂಬತ್ನಾಲ್ಕು ಅಂತಿದೆ. ತಮ್ಮ ಹುಟ್ಟಿದ ಮೇಲೆ ಅಣ್ಣ ಹುಟ್ತಾನಾ?”

“ನಿಮ್ಮಪ್ಪನೇ ಗುರುತು ಹಾಕಿದಾರಲ್ಲಮ್ಮ. ಅವರ ಮುಂದೆ ನಾವೆಷ್ಟರವರು?”

ಗೋಡೆಯ ಕಡೆಯಿಂದ ಬಿಕ್ಕು ಕೇಳಿಸಿತು. “ಅಕ್ಕ, ಮಾಮಂಗೆ ಲೈಬ್ರರಿವರೆಗೂ ನಡೆಯೋಕೆ ಆಗ್ಲಿಲ್ಲ. ನಾನೇ ಆ ಸಂಪುಟದ ಬೆನ್ನಿನ ಫೋಟೋ ತೆಗೆದು ಫೋನಲ್ಲಿ ತೋರಿಸ್ದೆ. ಬೇಡ ಬೇಡ ಅಂತಾನೇ ಗುರುತು ಹಾಕಿದ್ರು.”

ಮಗಳು ಆ ಸಾಲಿನ ಗುರುತನ್ನು ಮತ್ತೆ ನೋಡಿದಳು. ಅಪ್ಪ, ಅವಳ ಅಪ್ಪ, ನೋಡದೆ ಗುರುತು ಹಾಕಿದ್ದ.

*

ಹನ್ನೆರಡು ವರ್ಷದ ಹಿಂದೆ ಅಂಗಡಿಗೆ ಸೇರಿದ ಹೊಸದರಲ್ಲಿ ಅವಳು ಒಂದೇ ಮಧ್ಯಾಹ್ನ ನಲವತ್ತು ಸಾಲಿಗೆ ಗುರುತು ಹಾಕಿ ಬೀಗಿದ್ದಳು.

“ಎಲ್ಲಾ ನೋಡಿದ್ಯಾ?”

“ಸರಿಯಾಗೇ ಇರುತ್ತೆ ಬಿಡಪ್ಪ.”

“ಇರುತ್ತೆ ಅನ್ನೋದು ಬೇರೆ, ಇದೆ ಅನ್ನೋದು ಬೇರೆ. ನಡಿ.”

ಬೈಯಲಿಲ್ಲ, ಮುಖ ಸಿಂಡರಿಸಲಿಲ್ಲ. ಸುಡುಬಿಸಿಲಲ್ಲಿ ಲೈಬ್ರರಿಗೆ ಕರೆದೊಯ್ದು ನಲವತ್ತನ್ನೂ ಕಪಾಟಿನಿಂದ ಇಳಿಸಿ ತೋರಿಸಿದ. ಎರಡು ತಪ್ಪಿದ್ದವು. ಅಂದಿನಿಂದ ಅಂಗಡಿಯ ಕೀಲಿ ಕೊಟ್ಟ, ಗಿರಾಕಿಗಳನ್ನು ಕೊಟ್ಟ, ಪೆನ್ಸಿಲ್ ಮಾತ್ರ ಕೊಡಲಿಲ್ಲ. ಅವಳೂ ಕೇಳಲಿಲ್ಲ, ಅಪ್ಪನ ಮಗಳು, ಹಟದಲ್ಲಿ ಕಡಿಮೆಯೇನಿರಲಿಲ್ಲ.

*

ಲೈಬ್ರರಿಗೆ ಅಂದು ಬೀಗ. ಅಲ್ಲಿಯವರೆಲ್ಲ ಇಲ್ಲೇ ಹಾಲ್‌ನಲ್ಲಿ ಕೂತಿದ್ದರು. ಮಗಳು ನೇರ ಲೈಬ್ರರಿ ಮೇಡಂ ಹತ್ತಿರ ಹೋಗಿ ಕಿವಿಯಲ್ಲಿ ಹೇಳಿದಳು. ಮೇಡಂ ಕಣ್ಣೊರೆಸಿಕೊಂಡು ಬ್ಯಾಗಿಗೆ ಕೈಹಾಕಿದರು.

“ಬೀಗದ ಕೈ ಇಲ್ಲೇ ಇದೆ, ನಡಿ. ನಿಮ್ಮಪ್ಪ ಬಾಗಿಲು ಹಾಕೋ ಹೊತ್ತಿಗೆ ಬಂದು ಬಾಗಿಲು ತೆಗೆಸದ ದಿನ ಯಾವುದಿತ್ತು?”

ಕಪಾಟಿನಿಂದ ಸಂಪುಟ ಇಳಿಯಿತು. ಬೆನ್ನಿನ ಮೇಲೆ ಚಿನ್ನದ ಬಣ್ಣದಲ್ಲಿ ೧೯೮೪. ಒಳಪುಟದಲ್ಲಿ ೧೯೭೯.

“ಅಯ್ಯೋ, ಇದು ನಮ್ಮ ಹಳೇ ಬೈಂಡರ್ ಅವಾಂತರ,” ಎಂದರು ಮೇಡಂ. “ತಾನು ಬೈಂಡ್ ಮಾಡಿದ ವರ್ಷಾನೇ ಅಚ್ಚೊತ್ತಿಬಿಟ್ಟಿದಾನೆ ಪುಣ್ಯಾತ್ಮ.”

ಹಿಂದೆಯೇ ಬಂದಿದ್ದ ಹುಡುಗಿ ಒಳಪುಟದ ಮೇಲೆ ಬಾಗಿದಳು. “ಅಕ್ಕ, ಬಾವಿ ನೀರು ಉಪ್ಪಾಗ್ತಿರೋದನ್ನ ಮೊದಲು ಹೇಳಿದ್ದು ಎಂಬತ್ತೆರಡರಲ್ಲಿ ಬರೆದವರು ಅಂತ ಬರೆದಿದೀನಿ. ಹಾಗಿದ್ರೆ ಮೊದಲು ಹೇಳಿದ್ದು ಈ ಸಂಪುಟದಲ್ಲಿ ಬರೆದ ಇವರೇ.”

“ಯಾರಿವರು?”

“ಯಾರೋ ಶಾಲೆ ಟೀಚರ್ ಅಂತೆ. ಈ ಒಂದೇ ಲೇಖನ ಬರೆದಿರೋದು.”

“ಸರಿ. ಹೋಗಿ ಆ ವಾಕ್ಯ ತಿದ್ದಿ ಪ್ರಿಂಟ್ ತೆಗಿ. ಅಂಗಡಿ ಕೀಲಿ ತಗೋ. ಪಟ್ಟಿ ನಾನು ಕೊಡ್ತೀನಿ, ಹತ್ತು ನಿಮಿಷದಲ್ಲಿ ಮನೆಗೆ ಬಾ.”

ಮನೆಗೆ ಬಂದಾಗ ವ್ಯಾನು ಬಾಗಿಲಲ್ಲಿತ್ತು. ಮಗಳು ಅಪ್ಪನ ಪಕ್ಕ ನೆಲದ ಮೇಲೆ ಕೂತು ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡಳು. ಅವಳ ಕೈಯಲ್ಲಿ ರಬ್ಬರು ಕಂಡದ್ದೇ ಚಿಕ್ಕಪ್ಪ ಹೌಹಾರಿದರು.

“ಅಣ್ಣ ಕೊನೇದಾಗಿ ಮುಟ್ಟಿದ ಕಾಗದ ಕಣೇ ಅದು! ಅವನ ಎದುರಿಗೇ ಅಳಿಸ್ತೀಯಾ?”

“ಒಂದು ತಪ್ಪು ಹಾಗೇ ಇರಲಿ ಬಿಡಮ್ಮ,” ಪ್ರೊಫೆಸರು ದನಿ ತಗ್ಗಿಸಿದರು. “ಯಾರಿಗೂ ಗೊತ್ತಾಗಲ್ಲ. ಅವರ ಹೆಸರು ಉಳಿಯುತ್ತೆ.”

“ಗೊತ್ತಾಗಿದ್ರೆ ಅಪ್ಪನೇ ಅಳಿಸ್ತಿದ್ರು ಸರ್. ಈಗ ಅವರ ಕೈಲಿ ಆಗಲ್ಲ, ನನ್ನ ಕೈಲಿ ಆಗುತ್ತೆ.”

ಅವಳು ಅಪ್ಪನ ಗುರುತನ್ನು ನಿಧಾನವಾಗಿ ಅಳಿಸಿದಳು. ಇಸವಿ ಹೊಡೆದುಹಾಕಿ ೧೯೭೯ ಎಂದು ಬರೆದಳು. ಆಮೇಲೆ ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಅಪ್ಪನ ಪೆನ್ಸಿಲ್ ಹಿಡಿದು, ಅದೇ ಜಾಗದಲ್ಲಿ, ಸರಿ ಗುರುತು ಹಾಕಿದಳು.

ಬೆಳಗ್ಗೆಯಿಂದ ಗಂಡನ ತಲೆದೆಸೆಯಲ್ಲಿ ಕೂತಿದ್ದ ಅಮ್ಮ ಮುಂದಕ್ಕೆ ಬಾಗಿದಳು. ಹಾಳೆಯನ್ನು ಹತ್ತಿರಕ್ಕೆಳೆದುಕೊಂಡು, ಅದರ ಮೇಲೆ ಉಳಿದಿದ್ದ ರಬ್ಬರಿನ ಪುಡಿಯನ್ನು ಉಫ್ ಎಂದು ಊದಿದಳು.