ಗಾದಿ ಕೆಳಗಿನ ಹನ್ನೆರಡು ಚೀಲ

ದಾಂಡೇಲಿಯ ಬಜಾರಿನಲ್ಲಿ ನನಗೆ ಜಗಳಗಂಟಿ ಎಂದು ಹೆಸರು. ಇರಲಿ. ಅರ್ಧ ಕಿಲೋ ಬದನೆಕಾಯಿಯನ್ನು ಕೇಳದೆಯೇ ಪ್ಲಾಸ್ಟಿಕ್ ಚೀಲಕ್ಕೆ ತುಂಬುವ ಅಂಗಡಿಯವನ ತಕ್ಕಡಿಗೇ ಅದನ್ನು ವಾಪಸು ಸುರುವಿ, ನನ್ನ ಅರಿವೆ ಚೀಲದ ಬಾಯಿ ಅಗಲಿಸಿ ನಿಲ್ಲುತ್ತೇನೆ. ಅವನು ಹಲ್ಲು ಕಿರಿಯುತ್ತಾನೆ. ಹಿಂದೆ ನಿಂತವರು ಗೊಣಗುತ್ತಾರೆ. ನನ್ನ ಗಂಡ ಶೇಖಪ್ಪ ನನ್ನ ಗುರುತೇ ಇಲ್ಲದವರಂತೆ ಪಕ್ಕದ ಅಂಗಡಿಯ ಬೆಲ್ಲ ನೋಡುತ್ತಾ ನಿಲ್ಲುತ್ತಾರೆ. ಮನೆ ಮುಟ್ಟುವುದರೊಳಗೆ ಹರಿದು ಗಟಾರ ಸೇರುವ ಆ ತೆಳ್ಳನೆಯ ಚೀಲವನ್ನು ಪುಕ್ಕಟೆ ಕೊಟ್ಟರೆ ಬೇಡ ಅನ್ನುವುದು ಯಾಕೆ ಎಂದು ಆಮೇಲೆ ಕೇಳುತ್ತಾರೆ. ಪುಕ್ಕಟೆಯಂತೆ! ಅದಕ್ಕೆ ನಮ್ಮ ಅವ್ವ ಏನು ತೆತ್ತಳು ಎಂಬುದು ಅವರಿಗೂ ಗೊತ್ತು. ಗೊತ್ತಿದ್ದೂ ಕೇಳುತ್ತಾರೆ.

ನಾನು ಮಾಲವ್ವ. ಮದುವೆಯಾಗಿ ದಾಂಡೇಲಿಯ ಬಂಗೂರನಗರದ ಕ್ವಾರ್ಟರ್ಸಿಗೆ ಬಂದದ್ದು ೧೯೮೧ರಲ್ಲಿ. ಗಂಡನಿಗೆ ಕಾಗದದ ಮಿಲ್ಲಿನಲ್ಲಿ ಕೆಲಸ. ಆ ಓಣಿಯಲ್ಲಿ ಎಲ್ಲರ ಮನೆಯ ಅನ್ನವೂ ಕಾಗದದ್ದೇ, ಆದರೆ ಕಾಗದದ ಪೊಟ್ಟಣ ಕಂಡರೆ ಎಲ್ಲರಿಗೂ ಅಸಡ್ಡೆ. ಆಗಿನ್ನೂ ಈ ತೆಳ್ಳನೆಯ ಚೀಲಗಳು ಬಂದಿರಲಿಲ್ಲ. ಹುಬ್ಬಳ್ಳಿ, ಬೆಳಗಾವಿಯ ಬಟ್ಟೆ ಅಂಗಡಿಯವರು ಸೀರೆ ಕೊಂಡವರಿಗೆ ಹೆಣ್ಣಿನ ಚಿತ್ರ ಅಚ್ಚು ಹಾಕಿದ ದಪ್ಪ ಪ್ಲಾಸ್ಟಿಕ್ ಚೀಲ ಕೊಡುತ್ತಿದ್ದರು. ನನ್ನ ಅತ್ತೆ ಗೋದುಬಾಯಿ ಅವನ್ನು ಒರೆಸಿ, ಮಡಚಿ, ಗಾದಿಯ ಕೆಳಗೆ ಇಟ್ಟು ಅದರ ಮೇಲೆ ಮಲಗುತ್ತಿದ್ದರು. ಯಾರದಾದರೂ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗುವಾಗ ಒಂದು ಹೊರಬೀಳುತ್ತಿತ್ತು. ಒಳಗೆ ಎರಡು ಬಾಳೆಹಣ್ಣು ಇದ್ದರೂ ಸಾಕು, ಚೀಲದ ಮೇಲಿನ ಅಂಗಡಿಯ ಹೆಸರು ಎದುರಿನವರಿಗೆ ಕಾಣುವಂತೆ ಹಿಡಿಯಬೇಕು.

ನನ್ನ ತವರು ಮುಂಡಗೋಡ ತಾಲೂಕಿನ ಇಂದೂರ. ಅಲ್ಲಿ ನಮ್ಮ ಮನೆಯ ಬಾಗಿಲ ಪಕ್ಕ ಒಂದು ಗೂಟ, ಗೂಟಕ್ಕೊಂದು ಅರಿವೆ ಚೀಲ. ಅಪ್ಪ ಮುದಕಪ್ಪ ಅದನ್ನು ಮರೆತು ಹೊರಟರೆ ಊರ ಅಗಸೆಬಾಗಿಲು ದಾಟಿದ್ದರೂ ತಿರುಗಿ ಬರುತ್ತಿದ್ದ. ಉಪ್ಪಿಗೆ ಹೆಗಲ ಮೇಲಿನ ವಸ್ತ್ರದ ಒಂದು ತುದಿ, ಚಹಾಪುಡಿಗೆ ಇನ್ನೊಂದು ತುದಿ. ಒಮ್ಮೆ ನಾನು ಬೆಲ್ಲ ಕಟ್ಟಿ ತಂದ ಎಲೆಯನ್ನು ಅಂಗಳಕ್ಕೆ ಎಸೆದಾಗ ಅವ್ವ ಅದನ್ನು ಎತ್ತಿ ನನ್ನ ಕೈಗೇ ಕೊಟ್ಟು, ಎಮ್ಮೆಯ ಮುಂದೆ ಹಾಕಿ ಬಾ ಎಂದು ಕಳಿಸಿದ್ದಳು. ಇದನ್ನೆಲ್ಲ ಯಾರೂ ಕೂರಿಸಿ ಕಲಿಸಲಿಲ್ಲ, ನೋಡಿ ನೋಡಿ ಕೈಗೆ ಬಂದಿತ್ತು. ಕೈಗೆ ಬಂದದ್ದನ್ನು ಬಿಡಲು ನನಗೆ ಮೂರು ವರ್ಷವೂ ಬೇಕಾಗಲಿಲ್ಲ.

ಅವ್ವನ ಹೆಸರು ಶಂಕ್ರೆವ್ವ. ಬುತ್ತಿ ಕಟ್ಟುವುದರಲ್ಲಿ ಅವಳದು ಎತ್ತಿದ ಕೈ. ಬುತ್ತಿ ಕಟ್ಟಲೆಂದೇ ಅವಳ ಹತ್ತಿರ ಒಂದು ಅರಿವೆ ಇತ್ತು. ಅಪ್ಪನ ಹಳೆಯ ಧೋತರವನ್ನು ಮೂರು ಪದರು ಮಾಡಿ, ಕೌದಿಗೆ ಹಾಕುವಂತೆ ಸಾಲು ಹೊಲಿಗೆ ಹಾಕಿಕೊಟ್ಟವಳು ಅವಳ ಜೊತೆ ಕಳೆ ತೆಗೆಯಲು ಬರುತ್ತಿದ್ದ ಸಿದ್ದಿ ಜನಾಂಗದ ಕಾತರಿನಾ. ರೊಟ್ಟಿಯಾಗಲಿ ಹೋಳಿಗೆಯಾಗಲಿ, ಅವ್ವ ಹಂಚಿನಿಂದ ತೆಗೆದದ್ದನ್ನು ಬಿಸಿಬಿಸಿಯಾಗಿಯೇ ಆ ಅರಿವೆಯಲ್ಲಿ ಸುತ್ತಿ, ಗಂಟು ಹಾಕಿ, ಬಿದಿರ ಬುಟ್ಟಿಯಲ್ಲಿ ಇಡುತ್ತಿದ್ದಳು. ಮೂರು ದಿನ ಕಳೆದು ಬಿಚ್ಚಿದರೂ ಈಗ ಮಾಡಿದಂತೆ ಇರುತ್ತಿತ್ತು. ಯಾಕೆ ಹಾಗೆ ಎಂದು ಅವಳೂ ಕೇಳಿಕೊಂಡವಳಲ್ಲ. ಅವಳ ಅವ್ವ ಹಾಗೆ ಕಟ್ಟುತ್ತಿದ್ದಳು, ಇವಳೂ ಕಟ್ಟಿದಳು.

ಮದುವೆಯಾದ ಮೊದಲ ಪಂಚಮಿಗೆ ಅಪ್ಪ ಅವ್ವ ಅದೇ ಬುಟ್ಟಿ ಹೊತ್ತು ದಾಂಡೇಲಿಗೆ ಬಂದರು. ಎಣ್ಣೆ ಜಿಡ್ಡಿನ ಗಂಟು ನೋಡಿ ಎದುರು ಮನೆಯಾಕೆ, ಸಂತೆಗೆ ಮಾರಲು ಬಂದವರೇ ಎಂದು ಕೇಳಿದಳು. ಅತ್ತೆ ನಕ್ಕರು. ಅವರು ನಕ್ಕದ್ದಕ್ಕೆ ನನಗೆ ಇವತ್ತು ಅಷ್ಟು ಸಿಟ್ಟಿಲ್ಲ. ನಾನೂ ನಕ್ಕೆನಲ್ಲ, ಅದಕ್ಕೆ ಮೈ ಉರಿಯುತ್ತದೆ.

೧೯೮೪ರ ಬೇಸಿಗೆಯಲ್ಲಿ ನನಗೆ ಏಳು ತಿಂಗಳು ತುಂಬಿತು. ಸೀಮಂತದ ಕುಬಸ ಮಾಡಬೇಕು. ಹಸಿರು ಸೀರೆ, ಖಣ, ಬುತ್ತಿ ತರುವುದು ತವರಿನವರ ಪಾಲು. ಆ ಬುತ್ತಿಯನ್ನು ನೆರೆಹೊರೆಯ ಮುತ್ತೈದೆಯರೆಲ್ಲ ಸೇರಿದ ಮೇಲೆಯೇ ಬಿಚ್ಚಬೇಕು. ತವರಿನ ತೂಕ ನೋಡುವುದು ಅಲ್ಲೇ. ದಿನ ಗೊತ್ತು ಮಾಡಲು ಅಪ್ಪ ಬಂದಾಗ ನಾನು ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಗಾದಿಯ ಕೆಳಗೆ ಕೈ ಹಾಕಿ ಹನ್ನೆರಡು ಚೀಲ ಎಳೆದೆ. ಈ ಸಲ ಆ ಅರಿವೆಯ ಗಂಟು ಬೇಡ, ಎಲ್ಲವನ್ನೂ ಇದರಲ್ಲೇ ಬಿಗಿಯಾಗಿ ಕಟ್ಟಿ ತರಲು ಅವ್ವನಿಗೆ ಹೇಳು, ನನ್ನ ಮಾನದ ಪ್ರಶ್ನೆ ಅಂದೆ. ಅಪ್ಪ ಚೀಲದ ಮೇಲಿನ ಹೆಣ್ಣಿನ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಅವನ್ನು ವಸ್ತ್ರದಲ್ಲಿ ಸುತ್ತಿಕೊಂಡು ಹೋದ.

ಅಲ್ಲಿಯವರೆಗೆ ಬುತ್ತಿ ಹೇಗೆ ಕಟ್ಟಬೇಕು ಎಂದು ಅವ್ವನಿಗೆ ಯಾರೂ ಹೇಳಿರಲಿಲ್ಲ. ಮೊದಲ ಸಲ ಹೇಳಿದವಳು ನಾನು. ಅವಳು ಒಂದು ಮಾತೂ ಮೀರಲಿಲ್ಲ.

ಕುಬಸದ ಹಿಂದಿನ ಸಂಜೆ ಅಪ್ಪ ಅವ್ವ ಬಂದು ಇಳಿದರು. ಹಳಿಯಾಳದ ಈಚೆಗೆ ಬಸ್ಸು ಕೆಟ್ಟು ಮೂರು ತಾಸು ಬಿಸಿಲಲ್ಲಿ ಕೂತಿದ್ದರಂತೆ. ಅವ್ವನ ಮುಖ ಬಾಡಿತ್ತು, ಆದರೆ ಎರಡೂ ಕೈಯಲ್ಲಿ ಹನ್ನೆರಡು ಚೀಲ ಮಿರಮಿರ ಮಿಂಚುತ್ತಿದ್ದವು. ನಾನು ಅವಳ ಮುಖ ನೋಡಲಿಲ್ಲ. ಎದುರು ಮನೆಯಾಕೆ ಬಾಗಿಲಲ್ಲಿ ಇದ್ದಾಳೋ ಇಲ್ಲವೋ ಎಂದು ನೋಡಿದೆ.

ಮರುದಿನ ಹೊತ್ತೇರಿದ ಮೇಲೆ ಹೆಂಗಸರೆಲ್ಲ ಸೇರಿದರು. ನನಗೆ ಹಸಿರು ಬಳೆ ಇಟ್ಟು ಮಣೆಯ ಮೇಲೆ ಕೂರಿಸಿದರು. ಅತ್ತೆ ಮೊದಲ ಚೀಲದ ಗಂಟು ಬಿಚ್ಚಿದರು. ಹುಳಿ ವಾಸನೆ ಗಪ್ಪನೆ ಹೊರಬಂತು. ಹೋಳಿಗೆ ಒಂದಕ್ಕೊಂದು ಅಂಟಿ, ಎಳೆದರೆ ನೂಲು ಬರುತ್ತಿತ್ತು. ಎರಡನೆಯದರಲ್ಲಿ ರೊಟ್ಟಿ ಒದ್ದೆ ಬಟ್ಟೆಯಂತೆ ಮಡಚಿ ಕೂತಿತ್ತು. ಚೀಲದ ಒಳಮೈ ತುಂಬ ನೀರ ಹನಿ. ಅವ್ವ ಅರಿವೆಯಲ್ಲಿ ಕಟ್ಟುವಂತೆಯೇ ಎಲ್ಲವನ್ನೂ ಬಿಸಿಬಿಸಿಯಾಗಿ ಕಟ್ಟಿದ್ದಳು. ಚೀಲ ಅಂದರೆ ಚೀಲ ಎಂದುಕೊಂಡಿದ್ದಳು. ಹನ್ನೆರಡರಲ್ಲಿ ಉಳಿದದ್ದು ಎರಡು ಬಗೆಯ ಚಟ್ನಿಪುಡಿ ಮಾತ್ರ.

ಹೆಂಗಸರು ಸೆರಗು ಮೂಗಿಗೆ ಒಯ್ದರು. ಅತ್ತೆ ಎಲ್ಲರಿಗೂ ಕೇಳುವಂತೆ ಅಂದರು, "ಏನ್ ಬೀಗ್ರ, ನಿಮ್ಮ ಇಂದೂರದಾಗ ಬಸರಿ ಹೆಣ್ಣಿಗೆ ಹಳಸಿದ್ದು ಉಣಸ್ತಾರೇನು?"

ಅವ್ವ ನನ್ನ ಕಡೆ ನೋಡಿದಳು. ಒಂದೇ ಸಲ. ಆ ಚೀಲ ಕಳಿಸಿದವಳು ನಾನು ಎಂದು ನಾನು ಹೇಳಬೇಕಿತ್ತು. ನಾನು ತಲೆ ತಗ್ಗಿಸಿ ಬಳೆ ತಿರುಗಿಸುತ್ತಾ ಕೂತೆ.

"ತಪ್ಪಾತ್ರೀ," ಅಂದಳು ಅವ್ವ. "ನನ್ನ ಕೈಲೆ ತಪ್ಪಾತು. ನನಗ ತಿಳೀಲಿಲ್ಲ."

ತನ್ನ ಹೆಣ್ಣುಮಕ್ಕಳಿಗೂ, ಊರಿನ ಅರ್ಧ ಹೆಣ್ಣುಮಕ್ಕಳಿಗೂ ಬುತ್ತಿ ಕಟ್ಟಿಕೊಟ್ಟವಳ ಬಾಯಲ್ಲಿ ನಾನು ಆ ಮಾತು ಬರಿಸಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮ್ಮ ಅವ್ವನದು ಅಡಿಕೆಗೂ ಹೋಗಲಿಲ್ಲ, ಬಟ್ಟೆ ಅಂಗಡಿಯ ಬಿಟ್ಟಿ ಚೀಲಕ್ಕೆ ಹೋಯಿತು.

ಸಂಜೆ ಅವಳು ಹಿತ್ತಿಲ ನಳದ ಕೆಳಗೆ ಒಬ್ಬಳೇ ಕೂತು ಹನ್ನೆರಡೂ ಚೀಲಗಳನ್ನು ಬೂದಿ ಹಾಕಿ ತೊಳೆದಳು. ಒಣಗಿಸಿ, ಮಡಚಿ, ಯಾರೂ ಇಲ್ಲದಾಗ ನನ್ನ ಕೈಗಿಟ್ಟಳು. "ನಿನ್ನ ಸಾಮಾನು ನೀ ಇಟ್ಕೊ. ಅರಿವಿ ಬೆವರು ಕುಡೀತಿತ್ತು, ಇದು ಕುಡಿಯಾಂಗಿಲ್ಲ," ಅಂದಳು. ಅಷ್ಟೇ. ಬೈದಿದ್ದರೆ ನಾನು ತಿರುಗಿ ಏನಾದರೂ ಅನ್ನಬಹುದಿತ್ತು. ಚೀಲಗಳನ್ನು ಕಳ್ಳಿಯಂತೆ ಗಾದಿಯ ಕೆಳಗೆ ಸೇರಿಸಿದೆ.

ಬಾಣಂತನಕ್ಕೆ ಇಂದೂರಕ್ಕೆ ಹೋದೆ. ಮಗಳು ಹುಟ್ಟಿದಳು. ಐದು ತಿಂಗಳು ಅವ್ವ ನನಗೆ ಎರೆದಳು, ಕಾಯಿಸಿದಳು, ಉಣಿಸಿದಳು, ಕುಬಸದ ಮಾತು ಮಾತ್ರ ಎತ್ತಲಿಲ್ಲ. ಆದರೆ ಬುಟ್ಟಿ ಅಟ್ಟ ಸೇರಿದ್ದು ನನ್ನ ಕಣ್ಣಿಗೆ ಬಿತ್ತು. ಊರಲ್ಲಿ ಯಾರೋ ಮಗಳನ್ನು ಕಳಿಸುವಾಗ ಬುತ್ತಿ ಕಟ್ಟಿಕೊಡು ಎಂದು ಕೇಳಲು ಬಂದರೆ, ಕೈನೋವು ಅಂದಳು. ಅವತ್ತೇ ಮಧ್ಯಾಹ್ನ ಅದೇ ಕೈಯಲ್ಲಿ ಎರಡು ಕೊಡ ನೀರು ಹೊತ್ತು ತಂದಳು. ದಾಂಡೇಲಿಯಿಂದ ಗಂಡ ಬಂದಾಗಲೆಲ್ಲ, ಓಣಿಯಲ್ಲಿ ಏನಾದರೂ ಕೆಟ್ಟರೆ ಈಗ 'ಇಂದೂರ ಬುತ್ತಿ' ಅನ್ನುತ್ತಾರೆ ಎಂದು ನಗುತ್ತಾ ಹೇಳುತ್ತಿದ್ದರು. ಅವರಿಗೆ ಅದು ತಮಾಷೆ. ನನ್ನ ಎದೆಯಲ್ಲಿ ಮುಳ್ಳು ಮುರಿದು ಕೂತಿತ್ತು.

ಐದನೆಯ ತಿಂಗಳಲ್ಲಿ ನನ್ನನ್ನೂ ಕೂಸನ್ನೂ ಕರೆದೊಯ್ಯಲು ಅತ್ತೆ ಬಂದರು. ಜೊತೆಗೆ ಎದುರು ಮನೆಯಾಕೆಯೂ ಬಂದಿದ್ದಳು. ಕೂಸಿನೊಂದಿಗೆ ಬುತ್ತಿ ಹೋಗಲೇಬೇಕು, ಬರಿಗೈಯಲ್ಲಿ ಕಳಿಸುವಂತಿಲ್ಲ. ಹೊರಡುವ ದಿನ ಬೆಳಿಗ್ಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿದಳು, ಹೋಳಿಗೆ ಬೇಯಿಸಿದಳು. ಎಲ್ಲ ಮುಗಿದ ಮೇಲೆ ಹಿಟ್ಟಿನ ಕೈ ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ಕೇಳಿದಳು, "ಯಾವುದರಾಗ ಕಟ್ಟಲಿ? ನೀನಽ ಹೇಳು."

ಅತ್ತೆ ಅಲ್ಲೇ ಗೋಡೆಗೆ ಒರಗಿ ಕೂತಿದ್ದರು. ಈ ಸಲವಾದರೂ ದಾಂಡೇಲಿ ಮುಟ್ಟುವಂಥದ್ದರಲ್ಲಿ ಕಟ್ಟಿರಿ ಎಂದು ಕಿಸಕ್ಕನೆ ನಕ್ಕರು. ಎದುರು ಮನೆಯಾಕೆಯೂ ನಕ್ಕಳು.

ನನಗೆ ಅಷ್ಟು ಸಿಟ್ಟು ಹಿಂದೆ ಎಂದೂ ಬಂದಿರಲಿಲ್ಲ. ಕೂಸನ್ನು ಚಾಪೆಯ ಮೇಲೆ ಮಲಗಿಸಿ ಒಳಗೆ ಹೋದೆ. ಅವ್ವನ ಟ್ರಂಕು ತೆಗೆದು ಬುಡಮೇಲು ಮಾಡಿದೆ. ಬುತ್ತಿಯ ಅರಿವೆ ಎಲ್ಲಕ್ಕಿಂತ ಕೆಳಗೆ, ಇನ್ನು ಬೇಡವಾದ ವಸ್ತು ಇಡುವ ಜಾಗದಲ್ಲಿ ಇತ್ತು. ತಂದು ಅವರೆಲ್ಲರ ನಡುವೆ ಹಾಸಿದೆ. ಬಿಸಿ ರೊಟ್ಟಿಯ ಅಟ್ಟಿಯನ್ನು ಎತ್ತಿ ಅದರ ಮೇಲೆ ಇಟ್ಟೆ. ಬೆರಳು ಸುಟ್ಟದ್ದೂ ತಿಳಿಯಲಿಲ್ಲ.

"ಅತ್ತೀ, ಕುಬಸದ ಬುತ್ತಿ ಕೆಡಿಸಿದಾಕಿ ನಮ್ಮವ್ವ ಅಲ್ಲ, ನಾನು," ಅಂದೆ. "ಅರಿವಿ ಬ್ಯಾಡ ಅಂತ ಹೇಳಿ ಆ ಚೀಲ ಕಳಿಸಿದಾಕಿ ನಾನು. ನಿಮ್ಮ ಗಾದಿ ಕೆಳಗಿಂದ ತಗೊಂಡಿದ್ದೆ."

ಅವರು ಬೆಚ್ಚಿಬೀಳುತ್ತಾರೆ ಎಂದುಕೊಂಡಿದ್ದೆ. ಅತ್ತೆ ಎಲೆ ಅಡಿಕೆ ಜಗಿಯುವುದನ್ನೂ ನಿಲ್ಲಿಸಲಿಲ್ಲ.

"ನನ್ನ ಚೀಲ ನನಗ ಗುರ್ತು ಸಿಗಂಗಿಲ್ಲೇನು?" ಅಂದರು. "ನನಗ ಅವತ್ತಽ ಗೊತ್ತಿತ್ತು."

ಗೊತ್ತಿತ್ತು! ಗೊತ್ತಿದ್ದೂ ಹನ್ನೆರಡೂ ಚೀಲಗಳನ್ನು ಒಂದೊಂದಾಗಿ, ಎಲ್ಲರ ಮುಂದೆ ಬಿಚ್ಚಿದ್ದರು. ಗೊತ್ತಿದ್ದೂ ಓಣಿಯ ತುಂಬ ಆ ಹೆಸರು ಹಬ್ಬಲು ಬಿಟ್ಟಿದ್ದರು. "ಗೊತ್ತಿದ್ದೂ ನಮ್ಮವ್ವನ್ನ ಆಡಿಕೊಂಡ್ರಲ್ರೀ," ಅಂದೆ.

"ನಾ ಹೊರಗಿನಾಕಿ," ಅಂದರು ಅತ್ತೆ. "ಹೊಟ್ಟ್ಯಾಗ ಹುಟ್ಟಿದಾಕಿ ನೀ ಯಾಕ ಬಾಯಿ ಬಿಡಲಿಲ್ಲ?"

ಅರಿವೆಯ ತುದಿಗಳನ್ನು ಸೇರಿಸಿ ಸಿಕ್ಕಂತೆ ಒಂದು ಗಂಟು ಬಿಗಿದೆ. ಕಣ್ಣೀರು ಗಂಟಿನ ಮೇಲೇ ಬೀಳುತ್ತಿತ್ತು. ಎದುರು ಮನೆಯಾಕೆ ಎದ್ದು, ಕೂಸು ಅಳುತ್ತಿದೆ ಎಂದು ನೆಪ ತೆಗೆದಳು. ಕೂಸು ನಿದ್ದೆಯಲ್ಲಿತ್ತು.

ಅವ್ವ ಮುಂದೆ ಸರಿದು ಬಂದಳು. ನನ್ನ ಕೈ ಪಕ್ಕಕ್ಕೆ ಸರಿಸಿ, ನಾನು ಹಾಕಿದ ಗಂಟನ್ನು ಬಿಚ್ಚಿದಳು. ರೊಟ್ಟಿ ಎತ್ತಿಟ್ಟು, ಅರಿವೆ ಕೊಡವಿ ಸರಿಯಾಗಿ ಹಾಸಿದಳು.

"ಜಗಳ ಆಮ್ಯಾಲೆ ಮಾಡೂಣು, ರೊಟ್ಟಿ ಆರಾಕತ್ತಾವು," ಅಂದಳು. ಆಮೇಲೆ ಅತ್ತೆಯ ಕಡೆ ತಿರುಗಿ, "ಬೀಗ್ರ, ಈ ತುದಿ ಬಿಗ್ಗಿ ಹಿಡೀರಿ," ಅಂದಳು. ಕೇಳಿದಂತಿರಲಿಲ್ಲ, ಹೇಳಿದಂತಿತ್ತು.

ಅತ್ತೆ ಬಾಯಿಯ ಎಲೆ ಉಗುಳಿ ಬಂದು, ಮೊಣಕಾಲೂರಿ, ತುದಿ ಹಿಡಿದರು. ಅವ್ವ ರೊಟ್ಟಿಗಳನ್ನು ಸಮನಾಗಿ ಜೋಡಿಸಿ, ಅರಿವೆ ಎರಡು ಸಲ ಮಡಚಿ, ಗಂಟು ಎಳೆದಳು.

"ಮೂರು ವರ್ಷ ಊರು ಬಿಟ್ಟದ್ದಕ್ಕ ಗಂಟು ಹಾಕೂದೂ ಮರ್ತೀಯಲ್ಲ," ಅಂದಳು ನನಗೆ. "ಬಾ, ಹೋಳಿಗೀದು ನೀ ಕಟ್ಟು. ನಾ ನೋಡ್ತೇನಿ."