ಸಾತುವಿನ ಕಲ್ಲುಗಳು

ಔಸಂಗಾಟೆ ಬೆಟ್ಟದ ಹಿಮನದಿ ಕರಗಿ ಹಿಂದೆ ಸರಿದ ಮೇಲೆ ಅವರು ಉಣ್ಣೆಗೆಂದು ಸಾಕಿದ ಅಲ್ಪಾಕಗಳು ಮೇಯುವ ಜೌಗು ಒಣಗಿಹೋಯಿತು. ಇಲಾರಿಯಾ ಮತ್ತು ಅವಳ ಗಂಡ ನಿಕಾನೋರ್ ಕಣಿವೆಯ ಊರಿಗೆ ಗುಳೆ ಹೊರಟರು. ಹಾಲುಗೂಸಾಗಿದ್ದಾಗಲೇ ತೀರಿಕೊಂಡ ಮಗ ಸಾತುವಿನ ಎಲುಬನ್ನು ಜೊತೆಗೇ ಒಯ್ಯಬೇಕೆಂದು ಇಲಾರಿಯಾ ಹಟ ಹಿಡಿದಳು. ಅದಕ್ಕೆಂದೇ ಒಂದು ಹೊಸ ಜೋಳಿಗೆ ನೇಯ್ದಿದ್ದಳು.

ಇಳಿಜಾರಿನಲ್ಲಿ ಮಗುವಿನ ಗೋರಿಯ ಗುರುತಿಗೆಂದು ಇಟ್ಟಿದ್ದ ಬಿಳಿಗಲ್ಲುಗಳ ಕೆಳಗೆ ನಿಕಾನೋರ್ ಸೊಂಟದಾಳ ಅಗೆದ. ಏನೂ ಸಿಗಲಿಲ್ಲ.

"ನರಿ ಎಳಕೊಂಡು ಹೋಯ್ತಾ?"

"ಇಲ್ಲ ಕಣೇ, ಈ ಮಣ್ಣನ್ನ ಹಿಂದೆ ಯಾರೂ ಅಗೆದೇ ಇಲ್ಲ. ಕಲ್ಲೇ ಮೇಲಿಂದ ಇಳಿದು ಬಂದಿವೆ."

"ಕಲ್ಲು ನಡೀತಾವಂತೆ, ಮಾರಾಯಾ! ನಿನ್ನ ಕುಂಟು ಅಲ್ಪಾಕಕ್ಕಿಂತ ಜೋರಾಗಾ?"

"ರಾತ್ರಿ ಚಳಿಗೆ ಮಣ್ಣು ಹೆಪ್ಪುಗಟ್ಟಿ ಕಲ್ಲನ್ನ ಎತ್ತುತ್ತೆ. ಬಿಸಿಲಿಗೆ ಕರಗಿ ಕೂದಲೆಳೆಯಷ್ಟು ಕೆಳಗೆ ಬಿಡುತ್ತೆ. ಇಷ್ಟು ವರ್ಷ ದಿನಾ ಹಂಗೇ ಆಗಿದೆ. ಮಗು ಆಳದಲ್ಲಿತ್ತು, ಅಲ್ಲೇ ಉಳೀತು."

ಅವನು ಕಲ್ಲುಗಳ ನೇರಕ್ಕೆ ಸ್ವಲ್ಪ ಮೇಲಕ್ಕೆ ಹತ್ತಿ, ಹುಲ್ಲು ಸವೆದ ಒಂದು ಜಾಗದಲ್ಲಿ ಅಗೆದ. ಸಾತುವನ್ನು ಸುತ್ತಿದ್ದ ಕೆಂಪು ಬಟ್ಟೆಯ ಅಂಚು ಕಂಡಿತು.

ಹತ್ತಿರ ಬಂದ ಇಲಾರಿಯಾ ಆ ಜಾಗವನ್ನು ಗುರುತಿಸಿದಳು. ಈಚಿನ ವರ್ಷಗಳಲ್ಲಿ ಅವಳು, ಸತ್ತವರನ್ನು ನೆನೆಯುವ ಹಬ್ಬ ಬಂದಾಗಲೆಲ್ಲ, ಮಗುವಿನಾಕಾರದ ರೊಟ್ಟಿ ತಂದು, ಕಲ್ಲುಗಳ ಕಡೆ ಮುಖಮಾಡಿ ಕೂರುತ್ತಿದ್ದದ್ದು ಅಲ್ಲೇ. ಹುಲ್ಲು ಸವೆದದ್ದೂ ಅವಳಿಂದಲೇ.

"ಆ ಕಲ್ಲಿನ ಜೊತೆ ಮಾತಾಡ್ತಾ ನಿನ್ನ ಮೇಲೇ ಕೂತಿದ್ದೆನಲ್ಲೋ, ನನ್ನಪ್ಪಾ..."

"ಕೂತ್ಕೊಳ್ಳೇ, ಬಿದ್ದೀಯ," ಎಂದು ನಿಕಾನೋರ್ ಕೈ ಚಾಚಿದ. ಅವಳು ಜೋಳಿಗೆಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದಳು. ಅಲ್ಲಿ ಕೂರಲಿಲ್ಲ.