ಶಿರೀನ್ ತಾಜಳ ಅಡುಗೆ ಕಟ್ಟೆ

ನನ್ನ ಗಂಡ ಜುಲ್ಫಿಕರ್ ಗಾರೆ ಮೇಸ್ತ್ರಿ. ಕಡೂರಿನಿಂದ ತರೀಕೆರೆಯವರೆಗೆ ಎಷ್ಟು ಹೆಂಗಸರಿಗೆ ನಿಂತು ಅಡುಗೆ ಮಾಡುವ ಕಟ್ಟೆ ಕಟ್ಟಿಕೊಟ್ಟಿದ್ದಾನೋ ಅಲ್ಲಾಹನೇ ಬಲ್ಲ. ನಾನು ಮಾತ್ರ ಆರು ವರ್ಷದಿಂದ ನೆಲದ ಮೇಲೆ ಕೂತು ರೊಟ್ಟಿ ತಟ್ಟುತ್ತಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಸುಮ್ಮನೆ ಹೇಳಿದ್ದಾರೆಯೇ? ಮಂಡಿ ಊದಿಕೊಂಡಿತು. ಇನ್ನು ನೆಲಕ್ಕೆ ಕೂತರೆ ಏಳುವ ಆಸೆಯನ್ನೇ ಬಿಡಿ ಎಂದರು ಡಾಕ್ಟರು.

"ಭಾನುವಾರ ಮಾಡ್ಕೊಡ್ತೀನಿ ಕಣೇ" ಎಂದ ಪುಣ್ಯಾತ್ಮ. ಎಷ್ಟು ಭಾನುವಾರ ಬಂದವು, ಹೋದವು! ಇಟ್ಟಿಗೆ, ಸಿಮೆಂಟು, ಕಲ್ಲು ಎಲ್ಲಾ ಹಿತ್ತಲಲ್ಲೇ ಬಿದ್ದಿದ್ದವು.

ಸಾಕಾಯಿತು. ಅಜ್ಜಂಪುರದ ಕಾಂತರಾಜುಗೆ ಫೋನ್ ಮಾಡಿದೆ. ಅವನೂ ಮೇಸ್ತ್ರಿಯೇ. ಅವನ ಹೆಸರೆತ್ತಿದರೆ ನನ್ನ ಗಂಡನಿಗೆ ಮೈಯೆಲ್ಲ ಉರಿ. ದಿನಕ್ಕೆ ಸಾವಿರದ ಇನ್ನೂರು, ಊಟ ನಮ್ಮದು, ಬಸ್ ಚಾರ್ಜು ಬೇರೆ ಎಂದ. ಹಲ್ಲು ಕಚ್ಚಿಕೊಂಡು ಒಪ್ಪಿದೆ.

ಭಾನುವಾರ ಬೆಳಿಗ್ಗೆ ಕಾಂತರಾಜು ಬಂದು ಗೋಡೆಗೆ ಗೆರೆ ಎಳೆಯುತ್ತಿದ್ದ. ಜುಲ್ಫಿಕರ್ ಹಾಸಿಗೆಯಿಂದ ಎದ್ದು ಬಂದ.

"ಇವನನ್ಯಾರು ಕರೆಸಿದ್ದು?"

"ನಾನೇ. ನೀವು ಮಲಗ್ರಿ."

ಮಲಗುತ್ತಾನೆಯೇ? ಗೆರೆಯನ್ನೇ ನೋಡಿದ. "ಎಷ್ಟಿಂಚು ಲೇ ಇದು?"

"ಮೂವತ್ಮೂರು. ಎಲ್ಲಾರ ಮನೇಲೂ ಅಷ್ಟೇ ಅಲ್ವಾ?" ಎಂದ ಕಾಂತರಾಜು.

"ಎಲ್ಲಾರ ಮನೇಲೂ ಇವಳಿದ್ದಾಳೇನೋ? ಇವಳು ಕುಳ್ಳಿ ಕಣೋ! ಕೈ ಎತ್ಕೊಂಡು ಬೇಯಿಸ್ಬೇಕಾ? ಇಲ್ಲಿಗೆ ಬರ್ಬೇಕು."

ಟೇಪು ಹಿಡಿಯದೆ ಗೋಡೆಗೆ ಬೆರಳಿಟ್ಟ. ನಾನು ಪಕ್ಕ ಹೋಗಿ ನಿಂತೆ. ನನ್ನ ಮೊಣಕೈಗಿಂತ ಸರಿಯಾಗಿ ನಾಲ್ಕು ಬೆರಳು ಕೆಳಗಿತ್ತು. ಇಷ್ಟು ಗೊತ್ತಿದ್ದೂ ಆರು ವರ್ಷ ನೆಲಕ್ಕೆ ಕೂರಿಸಿದನಲ್ಲ ಎಂದು ಅಳುವೂ ಬಂತು, ಸಿಟ್ಟೂ ಬಂತು.

ಕಾಂತರಾಜುವಿನ ಕೈಯಿಂದ ಕರಣೆ ಕಿತ್ತುಕೊಂಡವನು ಸಂಜೆಯವರೆಗೂ ಕೊಡಲಿಲ್ಲ. ಕಾಂತರಾಜು ಮೂಲೆಯಲ್ಲಿ ಕೂತು ನಾಲ್ಕು ಸಲ ಟೀ ಕುಡಿದ, ಕೋಳಿ ಸಾರು ಉಂಡ, ಪೂರ್ತಿ ಕೂಲಿ ಎಣಿಸಿಕೊಂಡು ಬಸ್ ಹತ್ತಿದ.

ನಾಲ್ಕು ದಿನ ಒಣಗಲು ಬಿಟ್ಟು, ಐದನೆಯ ದಿನ ನಿಂತು ರೊಟ್ಟಿ ಬೇಯಿಸಿದೆ. ಮಂಡಿ ತುಟಿಪಿಟಕ್ ಎನ್ನಲಿಲ್ಲ. ಸುಳ್ಳು ಯಾಕೆ ಹೇಳಲಿ, ಖುಷಿಗೆ ಕಣ್ಣಲ್ಲಿ ನೀರೇ ಬಂತು.

ಅಷ್ಟರಲ್ಲಿ ಫೋನ್ ಬಂತು. ಕಾಂತರಾಜುವಿನ ಹೆಂಡತಿ ಕೋಮಲಾ.

"ಅಕ್ಕಾ, ನಮ್ಮನೆ ಬಚ್ಚಲು ಮೂರು ವರ್ಷದಿಂದ ಅರ್ಧಕ್ಕೇ ನಿಂತೈತೆ. ಭಾನುವಾರ ನಿಮ್ಮೋರನ್ನ ಕಳಿಸ್ತೀರಾ?"

"ಕಳಿಸ್ತೀನಿ ಕಣೇ. ಆದ್ರೆ ಇವ್ರಿಗೆ ಒಂದು ಕುರ್ಚಿ ಹಾಕಿಟ್ಟಿರು. ಕೆಲಸ ನಿನ್ನ ಗಂಡನೇ ಮಾಡ್ತಾನೆ."